ಎಂಟು-ಹತ್ತು ಇಂಚಿನ ಕ್ಯಾಮೆರಾಕ್ಕೆ ಹಳೆಯ ಮರದ ಟ್ರೈಪಾಡ್: ಮರಕ್ಕಿಂತ ಮೊದಲು ಕೀಲು ನೋಡಿ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು, ಹಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇನೆ. ಕಳೆದ ವರ್ಷ 8×10 ಇಂಚಿನ ಫಿಲ್ಮ್ ಹಾಕುವ ಹಳೆಯ ಡಿಯರ್‌ಡಾರ್ಫ್ ಕ್ಯಾಮೆರಾ ಕೊಂಡೆ. ನನ್ನಲ್ಲಿರುವ ಕಾರ್ಬನ್ ಫೈಬರ್ ಟ್ರೈಪಾಡಿನ ಮೇಲೆ ನಿಲ್ಲಿಸಿದರೆ ಕಡಲ ಗಾಳಿಗೆ ಅದು ಅಲುಗುತ್ತದೆ. ರೈಸ್, ಝೋನ್ ಸಿಕ್ಸ್, ಬೆರ್ಲೆಬಾಖ್, ಕ್ರೌನ್ ಮುಂತಾದ ಹಳೆಯ ಮರದ ಟ್ರೈಪಾಡ್‌ಗಳೂ ಸರ್ವೆಯವರ ಮರದ ಸ್ಟ್ಯಾಂಡುಗಳೂ ಇಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು, ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು? ಇನ್ನೆರಡು ವರ್ಷಗಳಲ್ಲಿ ಊರಿಗೆ ಮರಳುವ ಆಲೋಚನೆಯಿದೆ. ಮಲೆನಾಡಿನ ಮಳೆಗೆ ಇಂಥ ಮರ ತಡೆಯುತ್ತದೆಯೇ?

ಉತ್ತರ: ಹಣ ಕೊಡುವ ಮೊದಲು, ಈಗಿರುವ ಟ್ರೈಪಾಡಿನಲ್ಲಿ ನಿಜವಾಗಿ ಅಲುಗುತ್ತಿರುವ ಭಾಗ ಯಾವುದೆಂಬುದನ್ನು ನೀವು ಕಂಡುಕೊಳ್ಳಬೇಕು. ದಪ್ಪನೆಯ ಕಾರ್ಬನ್ ಫೈಬರ್ ಕಾಲುಗಳು ದುರ್ಬಲವೇನಲ್ಲ. ಅವುಗಳ ಮೇಲೆ ಎತ್ತರಿಸಿದ ನಡುಗಂಬವೋ, ಸಣ್ಣ ಕ್ಯಾಮೆರಾಕ್ಕೆಂದು ಮಾಡಿದ ಬಾಲ್ ಹೆಡ್ಡೋ (ಹೆಡ್ ಎಂದರೆ ಕಾಲುಗಳಿಗೂ ಕ್ಯಾಮೆರಾಕ್ಕೂ ನಡುವೆ ಕೂತು ಕ್ಯಾಮೆರಾವನ್ನು ಬೇಕಾದ ಕಡೆಗೆ ತಿರುಗಿಸುವ ಭಾಗ; ಬಾಲ್ ಹೆಡ್ ಗುಂಡಿನ ಮೇಲೆ ತಿರುಗುವಂಥದ್ದು) ಇದ್ದಾಗ ತಪ್ಪು ಅವುಗಳದ್ದಾಗಿದ್ದರೂ ದೂರು ಮಾತ್ರ ಕಾಲುಗಳ ಮೇಲೆ ಬರುವುದನ್ನು ನಾನು ಬಹಳ ಸಲ ಕಂಡಿದ್ದೇನೆ.

ಇದನ್ನು ಪರೀಕ್ಷಿಸಲು ಸುಲಭವಾದ ದಾರಿಯೊಂದಿದೆ. ಪಾಠ ಹೇಳುವವರು ಬಳಸುವ ಚಿಕ್ಕ ಲೇಸರ್ ದೀಪವೊಂದನ್ನು ಕ್ಯಾಮೆರಾದ ಮುಂಭಾಗಕ್ಕೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಹತ್ತು ಮೀಟರ್ ದೂರದ ಗೋಡೆಯ ಮೇಲೆ ಅದರ ಚುಕ್ಕೆ ಬೀಳುವಂತೆ ಮಾಡಿ, ಟ್ರೈಪಾಡಿನ ಕಾಲನ್ನು ಬೆರಳಿನಿಂದ ತಟ್ಟಿ ನೋಡಿ. ಚುಕ್ಕೆ ಎಷ್ಟು ದೂರ ಓಡುತ್ತದೆ, ಎಷ್ಟು ಹೊತ್ತು ನಡುಗುತ್ತದೆ ಎಂಬ ಎರಡನ್ನೂ ಗಮನಿಸಬೇಕು. ಗೋಡೆಯ ಮೇಲೆ ಚುಕ್ಕೆ ಒಂದು ಮಿಲಿಮೀಟರ್ ಸರಿದರೆ 300 ಮಿ.ಮೀ. ಲೆನ್ಸ್ ಹಾಕಿದ ಕ್ಯಾಮೆರಾದ ಫಿಲ್ಮಿನ ಮೇಲೆ ಬಿಂಬ 0.03 ಮಿ.ಮೀ. ಸರಿದಂತಾಗುತ್ತದೆ. 8×10 ನೆಗೆಟಿವ್ ಅನ್ನು ಕಾಗದಕ್ಕೆ ತಾಗಿಸಿಯೇ ಕಾಂಟ್ಯಾಕ್ಟ್ ಪ್ರಿಂಟ್ ಮಾಡುವವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನೇ ನಾಲ್ಕು ಪಟ್ಟು ಹಿಗ್ಗಿಸಿದರೆ 0.12 ಮಿ.ಮೀ. ಆಗಿ, ಹತ್ತಿರದಿಂದ ನೋಡುವವರಿಗೆ ಚಿತ್ರ ಮೆತ್ತಗಾಗಿ ಕಾಣಿಸಲು ತೊಡಗುತ್ತದೆ. ಈ ಪರೀಕ್ಷೆಯನ್ನು ಮೊದಲು ಈಗಿರುವಂತೆಯೂ ಆಮೇಲೆ ನಡುಗಂಬವನ್ನು ಪೂರ್ತಿ ಇಳಿಸಿಯೂ ಕೊನೆಗೆ ಹೆಡ್ ಕಳಚಿ ಕ್ಯಾಮೆರಾವನ್ನು ನೇರವಾಗಿ ಕಾಲುಗಳ ಮೇಲೆ ಕೂರಿಸಿಯೂ ಮಾಡಿದರೆ ತಪ್ಪು ಎಲ್ಲಿದೆಯೆಂಬುದು ಹೊರಬೀಳುತ್ತದೆ. ಹೆಡ್ ತೆಗೆದೊಡನೆ ನಡುಕ ನಿಂತರೆ ನಿಮಗೆ ಬೇಕಾಗಿರುವುದು ಬೇರೆ ಹೆಡ್ಡೇ ಹೊರತು ಬೇರೆ ಟ್ರೈಪಾಡಲ್ಲ.

ನಡುಕ ನಿಲ್ಲಲಿಲ್ಲವೆಂದುಕೊಂಡು ಮುಂದುವರಿಯುತ್ತೇನೆ. ಡಿಯರ್‌ಡಾರ್ಫ್ 8×10 ಲೆನ್ಸು, ಫಿಲ್ಮ್ ಹೋಲ್ಡರುಗಳೊಂದಿಗೆ ಏಳು ಕಿಲೋ ಆಸುಪಾಸು ತೂಗುತ್ತದೆ. ಅಷ್ಟು ತೂಕವನ್ನು ಹೊರಲು ಮಧ್ಯಮ ದರ್ಜೆಯ ಟ್ರೈಪಾಡೂ ಸಾಕು. ತೊಂದರೆ ಕೊಡುವುದು ಕ್ಯಾಮೆರಾದ ಅಗಲ. ಬೆಲ್ಲೋಸ್, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವೆ ತಿದಿಯಂತೆ ಹಿಗ್ಗಿ ಕುಗ್ಗುವ ಭಾಗ, ಹಾಯಿಪಟದಂತೆ ಗಾಳಿಯನ್ನು ಹಿಡಿಯುತ್ತದೆ. 300 ಮಿ.ಮೀ. ಲೆನ್ಸಿನಿಂದ ದೂರದ ಬೆಟ್ಟವನ್ನು ತೆಗೆಯುವಾಗ ಬೆಲ್ಲೋಸ್ ಸುಮಾರು 300 ಮಿ.ಮೀ. ಚಾಚಿಕೊಂಡಿರುತ್ತದೆ; ಮರಳಿನ ಮೇಲಿನ ಕಪ್ಪೆಚಿಪ್ಪೊಂದನ್ನು ಅದರ ನಿಜಗಾತ್ರದಲ್ಲಿ ತೆಗೆಯಹೊರಟರೆ ಅದು 600 ಮಿ.ಮೀ. ಆಗುತ್ತದೆ. ಇಷ್ಟು ಉದ್ದದ ಪೆಟ್ಟಿಗೆಯನ್ನು ನಾವು ಹಿಡಿದಿಟ್ಟಿರುವುದು ತಳದಲ್ಲಿರುವ ಒಂದೇ ಒಂದು ಸ್ಕ್ರೂವಿನಿಂದ. ಗಾಳಿ ಮುಂದಿನ ತುದಿಗೆ ಒಂದು ಬಗೆಯಾಗಿ, ಹಿಂದಿನ ತುದಿಗೆ ಇನ್ನೊಂದು ಬಗೆಯಾಗಿ ಬಡಿದಾಗ ಕ್ಯಾಮೆರಾ ಬೀಳಲು ನೋಡುವುದಿಲ್ಲ, ಆ ಸ್ಕ್ರೂವಿನ ಸುತ್ತ ತಿರುಚಿಕೊಳ್ಳಲು ನೋಡುತ್ತದೆ. ಜೊತೆಗೆ ಈ ಕ್ಯಾಮೆರಾದ ಶಟರ್ ವೇಗ ಬಹಳ ಕಡಿಮೆ. 100 ಐಎಸ್‌ಒ ಫಿಲ್ಮಿಗೆ ಚುರುಕು ಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಎಫ್/16 ಇರುವಾಗ ಸೆಕೆಂಡಿನ ನೂರನೆಯ ಒಂದು ಭಾಗ ಸಾಕಾದರೆ, ನಾವು ಸಾಮಾನ್ಯವಾಗಿ ಬಳಸುವ, ಇನ್ನೂ ಕಿರಿದಾದ ಎಫ್/45ರಲ್ಲಿ ಅದರ ಎಂಟು ಪಟ್ಟು, ಅಂದರೆ ಸುಮಾರು ಹನ್ನೆರಡನೆಯ ಒಂದು ಭಾಗ ಬೇಕಾಗುತ್ತದೆ. ಹಳದಿ ಫಿಲ್ಟರ್ ಹಾಕಿದರೆ ಅದೂ ಇಮ್ಮಡಿಯಾಗುತ್ತದೆ. ನೆರಳಿಗೆ ಹೋದರೆ ಲೆಕ್ಕ ಸೆಕೆಂಡುಗಳಿಗೇ ಬಂದು ನಿಲ್ಲುತ್ತದೆ.

ಆದ್ದರಿಂದ 8×10ಕ್ಕೆ ಟ್ರೈಪಾಡ್ ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಅದು ತಿರುಚುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದು. ಹಳೆಯ ಮರದ ಟ್ರೈಪಾಡ್‌ಗಳು ಇಂದಿಗೂ ಗೆಲ್ಲುವುದು ಇಲ್ಲೇ, ಮತ್ತು ಅದಕ್ಕೆ ಕಾರಣ ಮರಕ್ಕಿಂತ ಹೆಚ್ಚಾಗಿ ಅವುಗಳ ರಚನೆ. ಇವುಗಳಲ್ಲಿ ಕಾಲಿನ ಮೇಲ್ಭಾಗ ಒಂದು ಕೊಳವೆಯಲ್ಲ. ಪಕ್ಕಪಕ್ಕದಲ್ಲಿ ಸಾಗುವ ಎರಡು ಪಟ್ಟಿಗಳು. ಇವೆರಡರ ನಡುವೆ ಕೆಳಗಿನ ಕಾಲು ಜಾರುತ್ತದೆ. ಮೇಲ್ತುದಿಯಲ್ಲಿ ಈ ಎರಡು ಪಟ್ಟಿಗಳೂ ದೂರ ಸರಿದು ಅಗಲವಾದ ಕೀಲಿನಲ್ಲಿ ಲೋಹದ ಎರಕಕ್ಕೆ, ಅಂದರೆ ಟ್ರೈಪಾಡಿನ ತಲೆಗೆ (ಹೆಡ್ ಕೂರುವುದು ಇದರ ಮೇಲೆ), ಸೇರಿಕೊಳ್ಳುತ್ತವೆ. ಬಾಗಿಲಿಗೆ ನಡುವೆ ಒಂದೇ ತಿರುಗಣಿ ಹೊಡೆದರೆ ಅದು ಹೇಗೆ ಜೋಲುತ್ತದೆ, ಮೇಲೊಂದು ಕೆಳಗೊಂದು ದೂರದೂರ ಹೊಡೆದರೆ ಹೇಗೆ ಗಟ್ಟಿ ನಿಲ್ಲುತ್ತದೆ ಎಂಬುದನ್ನು ನೆನೆಸಿಕೊಂಡರೆ ಈ ಅಗಲದ ಮಹತ್ವ ತಿಳಿಯುತ್ತದೆ. ಕೀಲು ಅಗಲವಾದಷ್ಟೂ ತಲೆ ತಿರುಚಿಕೊಳ್ಳುವುದು ಕಷ್ಟ. ಎರಡು ಹಳೆಯ ಟ್ರೈಪಾಡ್‌ಗಳ ನಡುವೆ ಆರಿಸಬೇಕಾಗಿ ಬಂದು, ನಿಮ್ಮ ಬಳಿ ಅಳತೆಪಟ್ಟಿಯೊಂದನ್ನು ಬಿಟ್ಟು ಬೇರೇನೂ ಇಲ್ಲದಿದ್ದರೆ, ಕೀಲಿನ ಅಗಲವನ್ನು ಅಳೆದು ದೊಡ್ಡದನ್ನು ಕೊಂಡುಕೊಳ್ಳಿ.

ಹಾಗೆಂದು ಮರಕ್ಕೆ ಏನೂ ಗುಣವಿಲ್ಲವೆಂದು ಅರ್ಥವಲ್ಲ. ತೆಳ್ಳನೆಯ ಅಲ್ಯುಮಿನಿಯಂ ಕೊಳವೆಯನ್ನು ತಟ್ಟಿದರೆ ಘಂಟೆಯಂತೆ ಗುಂಯ್‌ಗುಡುತ್ತದೆ. ಮರವನ್ನು ತಟ್ಟಿದರೆ ಸದ್ದು ಅಲ್ಲೇ ಅಡಗುತ್ತದೆ. ಸದ್ದು ಅಡಗುವುದೆಂದರೆ ನಡುಕವೂ ಅಡಗುವುದೆಂದೇ ಅರ್ಥ. ಚಳಿಯಲ್ಲಿ ಮುಟ್ಟಿದರೆ ಕೈ ಕೊರೆಯದಿರುವುದು, ಒಡೆದರೆ ಊರ ಬಡಗಿಯೇ ಸರಿಪಡಿಸಬಲ್ಲನೆಂಬುದು ಮೇಲಿನ ಲಾಭ. ಮೇಪಲ್ ಒಳ್ಳೆಯದೋ ಆಷ್ ಒಳ್ಳೆಯದೋ ಎಂಬ ಚರ್ಚೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎರಡೂ ಗಟ್ಟಿ ಮರಗಳೇ. ಯಾವ ಮರವೆಂಬುದಕ್ಕಿಂತ ಅದರ ಎಳೆಗಳು ಕಾಲಿನ ಉದ್ದಕ್ಕೂ ನೇರವಾಗಿ ಹರಿದಿವೆಯೇ, ಅಥವಾ ನಡುವೆಯೇ ಓರೆಯಾಗಿ ಅಂಚಿನಿಂದ ಹೊರಬಿದ್ದಿವೆಯೇ ಎಂಬುದು ಮುಖ್ಯ. ಓರೆ ಎಳೆಯ ಕಾಲು ಒಂದು ದಿನ ಆ ಓರೆಯಲ್ಲಿಯೇ ಸೀಳುತ್ತದೆ.

ಈಗ ನೀವು ಕೇಳಿದ ಹೆಸರುಗಳಿಗೆ ಬರೋಣ. ರೈಸ್ ಕಂಪನಿ 1936ರಲ್ಲಿ ನಿಮ್ಮ ಕ್ಯಾಲಿಫೋರ್ನಿಯಾದಲ್ಲಿಯೇ ಹುಟ್ಟಿ, ಆಮೇಲೆ ವಾಷಿಂಗ್ಟನ್ ರಾಜ್ಯಕ್ಕೆ ಹೋಯಿತು. ಅದರ ದೊಡ್ಡ ಮಾದರಿಗೆ ಎ ಎಂದೂ ಚಿಕ್ಕದಕ್ಕೆ ಜೆ ಎಂದೂ ಹೆಸರು. ಜೆ ಮಾದರಿ 4×5, 5×7 ಇಂಚಿನ ಕ್ಯಾಮೆರಾಗಳಿಗೆ ಬಹಳ ಚೆನ್ನಾಗಿದೆ, ಹಗುರವಾದ 8×10ಗಳನ್ನೂ ಹೊರುತ್ತದೆ. ಆದರೆ ಕಡಲ ದಂಡೆಯ ಗಾಳಿಯಲ್ಲಿ ಡಿಯರ್‌ಡಾರ್ಫ್ ನಿಲ್ಲಿಸಬೇಕಾದ ನಿಮಗೆ ನಾನು ಹೇಳುವುದು ಎ ಮಾದರಿಯನ್ನೇ. ಅದರ ಕೀಲು ಅಗಲ, ತಲೆ ಅಗಲ, ಕಾಲುಗಳನ್ನು ಬೇಕಾದ ಕೋನದಲ್ಲಿ ಬಿಗಿದು ನಿಲ್ಲಿಸಬಹುದು. ಬಂಡೆಗಳ ನಡುವೆ ಒಂದು ಕಾಲನ್ನು ಹೆಚ್ಚುಕಡಿಮೆ ಅಡ್ಡವಾಗಿಯೇ ಚಾಚಬೇಕಾಗಿ ಬಂದಾಗ ಈ ಕೊನೆಯ ಗುಣದ ಬೆಲೆ ಅರಿವಾಗುತ್ತದೆ. ಬೆಲೆಯೂ ಹೆಚ್ಚು, ಭಾರವೂ ಹೆಚ್ಚು. ಅದರದ್ದೇ ಹೆಡ್ ಸೇರಿದರೆ ಏಳು ಕಿಲೋಗೆ ಹತ್ತಿರವಾಗುತ್ತದೆ. ಕಾರಿನಿಂದ ಅರ್ಧ ಮೈಲಿಗಿಂತ ಹೆಚ್ಚು ನಡೆಯುವ ಅಭ್ಯಾಸ ನಿಮಗಿದ್ದರೆ ಹೊರುವ ಹೆಗಲನ್ನೂ ಕೇಳಿ ನೋಡಿ.

ವರ್ಮಾಂಟಿನ ಫ್ರೆಡ್ ಪಿಕರ್ ಅವರು ಮಾರುತ್ತಿದ್ದ ಝೋನ್ ಸಿಕ್ಸ್ ಟ್ರೈಪಾಡ್‌ಗಳಲ್ಲಿ ದೊಡ್ಡದು ನಿಮ್ಮ ಕೆಲಸಕ್ಕೆ ಸಾಕಾಗುತ್ತದೆ, ರೈಸ್‌ಗಿಂತ ಸರಳವಾಗಿದೆ; ಅದರದ್ದೇ ಹಗುರ ಮಾದರಿಯೂ ಇರುವುದರಿಂದ ಮಾರುವವರು ಎರಡರ ಹೆಸರನ್ನು ಬೆರೆಸಿ ಹೇಳಿದಾಗ ತೂಗಿಸಿ ಕೇಳಬೇಕು. ಜರ್ಮನಿಯ ಸ್ಯಾಕ್ಸನಿಯಲ್ಲಿ 1898ರಲ್ಲಿ ಆರಂಭವಾದ ಬೆರ್ಲೆಬಾಖ್ ಆಷ್ ಮರದಲ್ಲಿ ಕೆಲಸ ಮಾಡುತ್ತದೆ, ಇಂದಿಗೂ ಮಾಡುತ್ತಿದೆ. ಬಿಡಿಭಾಗಗಳಿಗೆ ಪರದಾಡಬೇಕಿಲ್ಲವೆಂಬುದು ಅದರ ದೊಡ್ಡ ಅನುಕೂಲ; ನಡುಗಂಬವಿರುವ ಮಾದರಿ ಮಾತ್ರ ನಿಮಗೆ ಬೇಡ. ಗ್ರಾಫ್ಲೆಕ್ಸ್ ಮನೆತನದ ಕ್ರೌನ್ ಟ್ರೈಪಾಡ್‌ಗಳು ನೋಡಲು ಬಲು ಚೆಂದ, ಹಗುರವೂ ಹೌದು, ಆದರೆ ನಿಮಗೆ ಸಿಗುವುದು ಬಹುಮಟ್ಟಿಗೆ ಸಣ್ಣ ಕ್ಯಾಮೆರಾಗಳಿಗೆ ಮಾಡಿದ, ಅಂಗೈಯಗಲದ ತಲೆಯಿರುವವು. ಅದರ ಮೇಲೆ 8×10 ಇಡುವುದೆಂದರೆ ಕಾಲುಮಣೆಯ ಮೇಲೆ ಬೀರು ನಿಲ್ಲಿಸಿದಂತೆ. ಹಳೆಯ ಸಿನಿಮಾ ಕ್ಯಾಮೆರಾಗಳ ಮರದ ಕಾಲುಗಳು ಬಲವಾಗಿರುತ್ತವೆ. ಆದರೆ ಅವುಗಳ ಹೆಡ್ ಮೇಲೆ-ಕೆಳಗೆ, ಎಡ-ಬಲಕ್ಕೆ ತಿರುಗುತ್ತದೆಯೇ ಹೊರತು ಪಕ್ಕಕ್ಕೆ ವಾಲುವುದಿಲ್ಲವಾದ್ದರಿಂದ ಪ್ರತಿ ಸಲವೂ ಕಾಲುಗಳ ಉದ್ದ ಬದಲಿಸಿಯೇ ಕ್ಯಾಮೆರಾವನ್ನು ಸಮಗೊಳಿಸಬೇಕು. ಬ್ರಿಟಿಷ್ ಫೀಲ್ಡ್ ಕ್ಯಾಮೆರಾಗಳ ಜೊತೆ ಬರುವ, ತಲೆಯೇ ಇಲ್ಲದ ಮೂರು ಮಡಿಕೆಯ ಕಾಲುಗಳನ್ನು ಕಂಡರೆ ಮರುಳಾಗಬೇಡಿ. ಅವು ಕ್ಯಾಮೆರಾದ ತಳದಲ್ಲಿಯೇ ಕೂರಿಸಿದ ಹಿತ್ತಾಳೆಯ ಉಂಗುರಕ್ಕೆ ಸಿಕ್ಕಿಕೊಳ್ಳುವಂಥವು. ಆ ಉಂಗುರವಿಲ್ಲದ ಕ್ಯಾಮೆರಾಕ್ಕೆ ಅವು ಬರಿಯ ಮೂರು ಕೋಲುಗಳು.

ಸರ್ವೆಯವರ ಸ್ಟ್ಯಾಂಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕಡಿಮೆ ಹಣದಲ್ಲಿ ಅತಿ ಹೆಚ್ಚು ಗಟ್ಟಿತನ ಸಿಗುವುದು ಅಲ್ಲಿಯೇ. ಥಿಯೋಡೊಲೈಟ್ ಎಂಬ ಕೋನ ಅಳೆಯುವ ಯಂತ್ರ ಒಂದು ಕೂದಲೆಳೆಯಷ್ಟೂ ತಿರುಚಿಕೊಳ್ಳಬಾರದೆಂಬ ಉದ್ದೇಶದಿಂದಲೇ ಮಾಡಿದ ಕಾಲುಗಳವು. ಕೀಲು ಅಗಲ, ತುದಿಯಲ್ಲಿ ಉಕ್ಕಿನ ಮೊನೆ, ಮೊನೆಯನ್ನು ಪಾದದಿಂದ ಒತ್ತಿ ನೆಲಕ್ಕೆ ಇಳಿಸಲು ಪಕ್ಕದಲ್ಲೊಂದು ಮೆಟ್ಟು. ಕೊರತೆಗಳು ಎರಡು. ಮೊದಲನೆಯದು ಥ್ರೆಡ್. ಇತ್ತೀಚಿನವುಗಳಲ್ಲಿ 5/8 ಇಂಚಿನ, ಇಂಚಿಗೆ 11 ಸುತ್ತಿನ ಸ್ಕ್ರೂ ಇರುತ್ತದೆ. ಅದರಿಂದ ಕ್ಯಾಮೆರಾದ 3/8 ಇಂಚಿಗೆ ಇಳಿಸುವ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ. ಹಳೆಯ ಅಮೆರಿಕನ್ ಸ್ಟ್ಯಾಂಡುಗಳಲ್ಲಾದರೋ ಇಡೀ ತಲೆಯೇ ಮೂರೂವರೆ ಇಂಚು ಅಗಲದ, ಇಂಚಿಗೆ 8 ಸುತ್ತಿನ ಒಂದು ದೊಡ್ಡ ಸ್ಕ್ರೂ ಆಗಿರುತ್ತದೆ. ಅದಕ್ಕೆ ಲೇತ್ ಕೆಲಸದವರಿಂದ ತಟ್ಟೆಯೊಂದನ್ನು ಮಾಡಿಸಬೇಕಾಗುತ್ತದೆ. ಎರಡನೆಯ ಕೊರತೆ, ಕಾಲುಗಳು ಅಗಲಿಕೊಳ್ಳದಂತೆ ತಡೆಯುವ ಬಿಗಿ ಬಹುಪಾಲು ಸ್ಟ್ಯಾಂಡುಗಳಲ್ಲಿ ಇಲ್ಲದಿರುವುದು. ಮಣ್ಣಿನಲ್ಲಿ ಮೊನೆ ಇಳಿದರೆ ಚಿಂತೆಯಿಲ್ಲ. ಗ್ರಾನೈಟ್ ನೆಲದ ಮೇಲೆ ಮೂರೂ ಕಾಲುಗಳನ್ನು ಸರಪಳಿಯಿಂದಲೋ ಹಗ್ಗದಿಂದಲೋ ಕಟ್ಟದೆ ಕೈಬಿಟ್ಟರೆ ಕ್ಯಾಮೆರಾ ನೆಲ ಸೇರುತ್ತದೆ.

ಇನ್ನು ಪರೀಕ್ಷೆ. ಮಾರುವವರ ಮನೆಗೆ ಹೋಗಿ ನೋಡುವ ಅವಕಾಶವಿದ್ದರೆ ಬಿಡಬೇಡಿ. ಟ್ರೈಪಾಡನ್ನು ನೀವು ಬಳಸುವ ಎತ್ತರಕ್ಕೇ ನಿಲ್ಲಿಸಿ, ಎಲ್ಲ ನಾಬ್‌ಗಳನ್ನೂ ಬಿಗಿದು, ತಲೆಯನ್ನು ಎರಡೂ ಕೈಗಳಿಂದ ಹಿಡಿದು ಸ್ಟಿಯರಿಂಗ್ ತಿರುಗಿಸಿದಂತೆ ಮೆಲ್ಲನೆ ತಿರುಚಿ. ಸ್ವಲ್ಪವಾದರೂ ಚಲನೆ ಇದ್ದೇ ಇರುತ್ತದೆ; ಅದು ಎಲ್ಲಿಂದ ಹೊರಡುತ್ತಿದೆ ಎಂಬುದನ್ನು ಪತ್ತೆಹಚ್ಚಲು ಜೊತೆಯವರೊಬ್ಬರು ಕೀಲುಗಳ ಮೇಲೆ ಬೆರಳಿಟ್ಟು ನೋಡಲಿ. ಕೀಲಿನ ಬೋಲ್ಟ್ ಸಡಿಲವಾಗಿದ್ದರೆ ಅದು ದೋಷವೇ ಅಲ್ಲ, ಬಿಗಿದರೆ ಅಥವಾ ವಾಷರ್ ಬದಲಿಸಿದರೆ ಆಯಿತು. ಬೋಲ್ಟ್ ಕೂರುವ ಮರದ ತೂತು ಸವೆದು ಮೊಟ್ಟೆಯಾಕಾರವಾಗಿದ್ದರೆ ಗಟ್ಟಿಮರದ ಬೆಣೆಯನ್ನು ಎಪಾಕ್ಸಿ ಅಂಟಿನಿಂದ ತುಂಬಿಸಿ ಮತ್ತೆ ತೂತು ಕೊರೆಯಬೇಕು. ಒಂದು ಸಂಜೆಯ ಕೆಲಸ, ಬೆಲೆಯಲ್ಲಿ ಚೌಕಾಶಿ ಮಾಡಲು ಒಳ್ಳೆಯ ಕಾರಣ. ತಲೆಯ ಲೋಹದ ಎರಕದಲ್ಲಿಯೇ ಬಿರುಕಿದ್ದರೆ ಮಾತ್ರ ಕೈಮುಗಿದು ಹೊರಟುಬಿಡಿ. ಕೀಲಿನ ಸುತ್ತ ಹೊಸ ಬಣ್ಣ ಬಳಿದಿದ್ದು ಉಳಿದೆಡೆ ಹಳೆಯ ಬಣ್ಣವೇ ಇದ್ದರೆ ನಾನು ಟಾರ್ಚ್ ಬಿಟ್ಟು ಎರಡು ಸಲ ನೋಡುತ್ತೇನೆ.

ಆಮೇಲೆ ಒಂದೊಂದು ಕಾಲಿನ ಮೇಲೂ ಬೇರೆಬೇರೆಯಾಗಿ ನಿಮ್ಮ ಮೈಭಾರ ಹಾಕಿ ಒತ್ತಿ, ಬಿಗಿದ ಕ್ಲಾಂಪ್ ಜಾರುತ್ತದೆಯೇ ನೋಡಿ. ಜಾರಿದರೆ ಕಾರಣ ಬಹುಶಃ ಹಿಂದಿನ ಒಡೆಯರ ಅತಿಪ್ರೀತಿ: ಜಾರುವ ಮುಖಕ್ಕೂ ಮೇಣವನ್ನೋ ಎಣ್ಣೆಯನ್ನೋ ಸವರಿರುತ್ತಾರೆ. ಟರ್ಪಂಟೈನ್‌ನಿಂದ ಒರೆಸಿದರೆ ಹಿಡಿತ ಮರಳುತ್ತದೆ. ಮರದಲ್ಲಿ ಎಳೆಯ ಉದ್ದಕ್ಕೆ ಬಿಟ್ಟಿರುವ ಸೀಳು ಗುಣವಾಗುವ ಗಾಯ. ತೆಳುವಾದ ಎಪಾಕ್ಸಿಯನ್ನು ಒಳಗಿಳಿಸಿ ಒಂದು ದಿನ ಬಿಗಿದಿಟ್ಟರೆ ಮೊದಲಿನಷ್ಟೇ ಗಟ್ಟಿಯಾಗುತ್ತದೆ. ಎಳೆಗೆ ಅಡ್ಡವಾಗಿ ಬಂದಿರುವ ಬಿರುಕು ಮುರಿತವೇ, ಅಂಥ ಕಾಲನ್ನು ಹೊಸದಾಗಿ ಮಾಡಿಸದೆ ಗತಿಯಿಲ್ಲ. ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದು, ಟ್ರೈಪಾಡನ್ನು ನೆಲಕ್ಕೆ ಕುಟ್ಟಿದಾಗ ಅವುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ. ಆಷ್ ಮರಕ್ಕೆ ಈ ಕಾಟ ಹೆಚ್ಚು. ಮನೆಯ ಉಳಿದ ಮರಸಾಮಾನಿನ ಮೇಲೆ ಕರುಣೆಯಿಟ್ಟು ಅದನ್ನು ಒಳಗೆ ತರಬೇಡಿ.

ಎತ್ತರದ ಲೆಕ್ಕವನ್ನೂ ಅಲ್ಲೇ ಮುಗಿಸಿಕೊಳ್ಳಿ. ಕ್ಯಾಮೆರಾದ ಗ್ರೌಂಡ್ ಗ್ಲಾಸಿನ (ಬಿಂಬ ನೋಡುವ ಹಿಂಬದಿಯ ಮಬ್ಬು ಗಾಜಿನ) ನಡುಭಾಗ ಟ್ರೈಪಾಡಿನ ತಲೆಯಿಂದ ಒಂದು ಗೇಣು ಮೇಲಿರುತ್ತದೆ. ಹೆಡ್ಡಿನ ಎತ್ತರ ಬೇರೆ. ಆದ್ದರಿಂದ ಐದೂವರೆ ಅಡಿ ಎತ್ತರದವರಿಗೆ ಕಾಲುಗಳಷ್ಟೇ 125 ಸೆಂ.ಮೀ. ಏರಿದರೆ ಸಮತಟ್ಟಿನಲ್ಲಿ ಸಾಕು. ಇಳಿಜಾರಿನಲ್ಲಿ ಕೆಳಗಿನ ಕಾಲು ಇನ್ನೂ ಉದ್ದ ಬೇಕಾಗುವುದರಿಂದ 150 ಸೆಂ.ಮೀ. ಇದ್ದರೆ ಒಳ್ಳೆಯದು. ಮೂರು ಮಡಿಕೆಯ ಕಾಲಿಗಿಂತ ಎರಡು ಮಡಿಕೆಯದು ಮೇಲು. ಒಂದು ಕ್ಲಾಂಪ್ ಕಡಿಮೆಯಾದಷ್ಟೂ ಅಲುಗುವ ಜಾಗ ಒಂದು ಕಡಿಮೆ.

ಹೆಡ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: 8×10ಕ್ಕೆ ಬಾಲ್ ಹೆಡ್ ಬೇಡ. ಹಿಡಿ ಸಡಿಲಿಸಿದ ಕ್ಷಣ ಏಳು ಕಿಲೋ ಭಾರ ತನಗೆ ಬೇಕಾದ ಕಡೆಗೆ ವಾಲುತ್ತದೆ. ಮುಂದಕ್ಕೆ-ಹಿಂದಕ್ಕೆ ಒಂದು, ಪಕ್ಕಕ್ಕೆ ಒಂದು ಎಂದು ಬೇರೆಬೇರೆ ಬಿಗಿಗಳಿರುವ, ಅಗಲವಾದ ತಟ್ಟೆಯ ಹೆಡ್ ಬೇಕು. ರೈಸ್‌ನ ಜೋಡಿ ಬಾಗಿನ ಹೆಡ್ ಅಂಥದ್ದು. ಕ್ಯಾಮೆರಾ ತಳಕ್ಕೂ ತಟ್ಟೆಗೂ ನಡುವೆ ಕಾರ್ಕ್ ಅಥವಾ ಚರ್ಮದ ಪದರವಿರಲಿ. ಸ್ಕ್ರೂ 1/4 ಇಂಚಿನದೋ 3/8 ಇಂಚಿನದೋ ಎಂದು ಕೊಳ್ಳುವ ಮೊದಲೇ ನಿಮ್ಮ ಕ್ಯಾಮೆರಾದ ತಳದಲ್ಲಿ ನೋಡಿಕೊಳ್ಳಿ. ಹಳೆಯ ಸ್ಕ್ರೂಗಳದ್ದು ವಿಟ್‌ವರ್ತ್ ಎಂಬ ಬ್ರಿಟಿಷ್ ಥ್ರೆಡ್, ಅದರ ಹಲ್ಲಿನ ಕೋನ 55 ಡಿಗ್ರಿ. ಈಗಿನ ಅಮೆರಿಕನ್ ಥ್ರೆಡ್‌ನದ್ದು 60 ಡಿಗ್ರಿ. ಇಂಚಿಗೆ ಇಷ್ಟು ಸುತ್ತು ಎಂಬ ಲೆಕ್ಕ ಎರಡರಲ್ಲೂ ಒಂದೇ ಆಗಿರುವುದರಿಂದ ಒಂದರೊಳಗೊಂದು ಕೂರುತ್ತವೆ. ಕೂರದೆ ಮಧ್ಯದಲ್ಲಿ ತಡೆದರೆ ಬಲವಂತ ಮಾಡಬೇಡಿ, ಹಾಳಾಗುವುದು ಕ್ಯಾಮೆರಾದ ಹಿತ್ತಾಳೆ.

ಒಂದು ಎಚ್ಚರಿಕೆ. ಪಡಸಾಲೆಯ ದೀಪಸ್ತಂಭಕ್ಕೆ ಮರದ ಟ್ರೈಪಾಡ್ ಬಳಸುವ ಗೀಳು ಹಬ್ಬಿದ ಮೇಲೆ ಹಳೆಯ ಕಾಲುಗಳಿಗೆ ವಿಪರೀತ ಬೆಲೆ ಬಂದಿದೆ, ಮಾತ್ರವಲ್ಲ, ಹಳೆಯದರಂತೆ ಕಾಣುವ ಹೊಸ ಅಲಂಕಾರದ ಟ್ರೈಪಾಡ್‌ಗಳು ರಾಶಿಗಟ್ಟಲೆ ತಯಾರಾಗುತ್ತಿವೆ. ಅವುಗಳಲ್ಲಿ ಎಷ್ಟೋ ಹೋಗುವುದು ನಮ್ಮ ದೇಶದಿಂದಲೇ. ಒಂದೇ ಸಮನೆ ಕಪ್ಪುಗೆಂಪು ಬಣ್ಣ, ತೆಳ್ಳನೆಯ ಹಿತ್ತಾಳೆ, ಎಷ್ಟು ಬಿಗಿದರೂ ಹಿಡಿಯದ ಕ್ಲಾಂಪ್, ಸವೆತವೇ ಇಲ್ಲದ ಮೊನೆ ಕಂಡರೆ ಅದು ದೀಪ ಹೊರಲು ಹುಟ್ಟಿದ್ದು.

ಮಲೆನಾಡಿನ ಪ್ರಶ್ನೆಗೆ ಉತ್ತರ: ತಡೆಯುತ್ತದೆ, ಆದರೆ ತೇಗದಷ್ಟು ಸುಮ್ಮನಿರುವುದಿಲ್ಲ. ಮೇಪಲ್ ಮತ್ತು ಆಷ್ ತೇವ ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ನಾನೇ ಒಮ್ಮೆ ಆಷಾಢದ ಮಳೆಯಲ್ಲಿ ಬಿಗಿಯಾಗಿ ಕಚ್ಚಿಕೊಂಡಿದ್ದ ಕಾಲನ್ನು ಬಡಗಿಗೆ ಕೊಟ್ಟು ತೋಪಡ ಹೊಡೆಸಿದೆ. ಕೆಲಸ ಬಹಳ ನಯವಾಗಿ ಆಯಿತು. ಶಿವರಾತ್ರಿಯ ಹೊತ್ತಿಗೆ ಅದೇ ಕಾಲು ಪಟ್ಟಿಗಳ ನಡುವೆ ಗಡಗಡ ಎನ್ನುತ್ತಿತ್ತು. ತೆಗೆದ ಮರವನ್ನು ಮರಳಿ ಅಂಟಿಸುವಂತಿರಲಿಲ್ಲವಾದ್ದರಿಂದ ಈಗಲೂ ಒಳಗೆ ತೆಳು ಚರ್ಮದ ಪಟ್ಟಿ ಹಾಕಿಕೊಂಡು ಬಳಸುತ್ತಿದ್ದೇನೆ. ಮಳೆಗಾಲದಲ್ಲಿ ಬಿಗಿಯಾದರೆ ಉಪ್ಪುಕಾಗದವನ್ನೂ ಮುಟ್ಟದೆ ಚಳಿಗಾಲದವರೆಗೆ ಕಾಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡದೆ, ಗೋಡೆಗೆ ತಾಗದಂತೆ, ಗಾಳಿಯಾಡುವ ಕಡೆ ತೂಗುಹಾಕಿದರೆ ಬೂಷ್ಟು ಹಿಡಿಯುವುದಿಲ್ಲ. ನೆಲಕ್ಕೆ ಒರಗಿಸಿಟ್ಟು ಮರೆತರೆ ಗೆದ್ದಲಿಗೆ ದಾರಿ ತೋರಿಸಿದಂತೆ. ಕಡಲಿಗೆ ಹೋಗಿ ಬಂದ ದಿನ ಮೊನೆಗಳನ್ನೂ ಕೆಳಗಿನ ಕಾಲನ್ನೂ ಸಿಹಿನೀರಿನಿಂದ ತೊಳೆದು, ಒರೆಸಿ, ನೆರಳಿನಲ್ಲಿ ಆರಿಸಿ.

ಹಳೆಯ ಮೆರುಗನ್ನು ಕೆರೆದು ತೆಗೆಯುವ ಆಸೆಗೆ ಬೀಳಬೇಡಿ. ಕೊಳೆ ಒರೆಸಿ, ಹೊರಮೈಗೆ ಮಾತ್ರ, ಜಾರುವ ಮುಖಗಳನ್ನು ಬಿಟ್ಟು, ಅಂಗಡಿಯಲ್ಲಿ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಎಂದು ಸಿಗುವ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಹೆಚ್ಚಾದದ್ದನ್ನು ಒರೆಸಿಬಿಟ್ಟರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಅದ್ದಿಡಿ.

ಒಟ್ಟಿನಲ್ಲಿ, ತಲೆ ಮತ್ತು ಕೀಲು ಸರಿಯಾಗಿರುವ ರೈಸ್ ಎ ತನ್ನದೇ ಹೆಡ್ ಸಮೇತ ಸಿಕ್ಕರೆ ಚೌಕಾಶಿಗೆ ಹೆಚ್ಚು ಹೊತ್ತು ಕಳೆಯದೆ ಕೊಳ್ಳಿ. ಅದು ಕೈಗೆಟುಕದಿದ್ದರೆ 5/8 ಇಂಚಿನ ಥ್ರೆಡ್ ಇರುವ ಸರ್ವೆ ಸ್ಟ್ಯಾಂಡ್ ಕೊಂಡು, ಉಳಿದ ಹಣವನ್ನು ಹೆಡ್ಡಿಗೆ ಹಾಕಿ. ಊರಿಗೆ ಮರಳುವಾಗ ಎರಡು ಮಡಿಕೆಯ ಟ್ರೈಪಾಡ್ ಮಡಿಸಿದರೆ ಸುಮಾರು 90 ಸೆಂ.ಮೀ. ಉದ್ದವಿರುತ್ತದೆ, ವಿಮಾನದ ಚೆಕ್-ಇನ್ ಸಾಮಾನಿಗೆ ಉದ್ದ, ಅಗಲ, ಎತ್ತರ ಸೇರಿ ಸಾಮಾನ್ಯವಾಗಿ ಇರುವ 158 ಸೆಂ.ಮೀ. ಮಿತಿಯೊಳಗೆ ಅದು ಕೂರುತ್ತದೆ. ಹೆಡ್ಡನ್ನು ಕಳಚಿ ಬೇರೆ ಸುತ್ತಿ, ನಾಬ್‌ಗಳನ್ನು ಬಿಚ್ಚಿ ಡಬ್ಬಿಯೊಂದರಲ್ಲಿ ಹಾಕಿ. ಸಾಮಾನು ಎಸೆಯುವವರ ಕೈಯಲ್ಲಿ ಮೊದಲು ಮುರಿಯುವುದು ಅವೇ, ಬದಲಿ ಸಿಗದಿರುವುದೂ ಅವಕ್ಕೇ.